ಈ ಹಳೆ ಫೋಟೋದಲ್ಲಿರುವ ಎರಡು ರೆಕ್ಕೆ ವಿಮಾನ ಯಾವುದು? ಟೈಗರ್ ಮಾತ್ ಅಲ್ಲ ಅನ್ನಿಸ್ತಿದೆ

ಪ್ರಶ್ನೆ:
ನಮ್ಮ ಮುತ್ತಾತನ ಟ್ರಂಕಿನಲ್ಲಿ ಒಂದು ಕಪ್ಪು ಬಿಳುಪು ಫೋಟೋ ಸಿಕ್ಕಿದೆ, ಅಂಗೈಯಷ್ಟು ದೊಡ್ಡದು. ಸಮವಸ್ತ್ರದಲ್ಲಿ ನಾಲ್ಕು ಜನ ನಿಂತಿದ್ದಾರೆ, ಬಲಗಡೆಯಿಂದ ಎರಡನೆಯವರು ಮುತ್ತಾತ. ಹಿಂದೆ ಎರಡು ರೆಕ್ಕೆ ವಿಮಾನ. ಮನೆಯಲ್ಲಿ ಎಲ್ಲರೂ ಟೈಗರ್ ಮಾತ್ ಅಂತಾರೆ. ನಾನು ಟೈಗರ್ ಮಾತ್ ಫೋಟೋಗಳನ್ನು ಪಕ್ಕದಲ್ಲಿಟ್ಟು ನೋಡಿದೆ, ಹೊಂದುತ್ತಿಲ್ಲ. ಇದರ ಮೂತಿ ಚೂಪಾಗಿದೆ. ಎರಡು ಸೀಟು ಒಂದರ ಹಿಂದೆ ಒಂದಿವೆ, ಹಿಂದಿನ ಸೀಟಿನ ಸುತ್ತ ಬಳೆ ಥರ ಏನೋ ಇದೆ. ಮೂತಿಯ ಪಕ್ಕದಿಂದ ಒಂದು ಉದ್ದನೆಯ ಪೈಪ್ ಹಿಂದಕ್ಕೆ ಹೋಗಿದೆ.

ಇನ್ನೊಂದು ಗೊಂದಲ. ಮೈಮೇಲಿನ ದುಂಡು ಗುರುತಿನಲ್ಲಿ ನಡುವೆ ಕಪ್ಪು ಚುಕ್ಕೆ, ಆಮೇಲೆ ಬಿಳಿ, ಹೊರಗಿನ ಬಳೆ ತುಂಬಾ ತಿಳಿ ಬೂದು. ಬ್ರಿಟಿಷರದ್ದಾದರೆ ಹೊರಗಿನದು ನೀಲಿ, ಅದು ಕಪ್ಪಾಗಿ ಕಾಣಬೇಕಿತ್ತು ಅಲ್ವಾ? ಹಾಗಾದರೆ ಇದು ಬೇರೆ ಯಾವುದಾದರೂ ದೇಶದ ವಿಮಾನವಾ?

ಉತ್ತರ 1:
ಮೊದಲು ಬಣ್ಣದ ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ಇದರಲ್ಲಿ ಜಾಸ್ತಿ ಜನ ಎಡವುತ್ತಾರೆ. ಆಗಿನ ಎಷ್ಟೋ ಫಿಲ್ಮ್‌ಗಳು ಆರ್ಥೋಕ್ರೊಮ್ಯಾಟಿಕ್. ಅವಕ್ಕೆ ಕೆಂಪು ಬಣ್ಣ ಕಾಣುವುದೇ ಇಲ್ಲ, ಹಾಗಾಗಿ ಪ್ರಿಂಟ್‌ನಲ್ಲಿ ಕೆಂಪು ಕಪ್ಪಾಗುತ್ತದೆ. ನೀಲಿಗೆ ಅವು ಬಹಳ ಸೂಕ್ಷ್ಮ, ಅದಕ್ಕೇ ನೀಲಿ ಬೆಳ್ಳಗೆ ಬರುತ್ತದೆ. ಹಳದಿ ಕೂಡ ಗಾಢವಾಗಿ ಕಾಣುತ್ತದೆ. ಹಳದಿ ಬಳಿದ ತರಬೇತಿ ವಿಮಾನವನ್ನು ಕಪ್ಪು ವಿಮಾನ ಅಂದುಕೊಂಡವರು ಎಷ್ಟೋ ಜನ. ಅಂದಮೇಲೆ ನಡುವೆ ಕಪ್ಪು, ಹೊರಗೆ ತಿಳಿ ಬೂದು ಅಂದರೆ ಅದು ಕೆಂಪು, ಬಿಳಿ, ನೀಲಿಯೇ. ಬ್ರಿಟಿಷ್ ರೌಂಡೆಲ್, ಅಂದರೆ ವಿಮಾನದ ಮೇಲಿನ ದುಂಡು ಗುರುತು. ಫ್ರೆಂಚರದ್ದು ಇದರ ತಿರುವುಮುರುವು, ನಡುವೆ ನೀಲಿ, ಹೊರಗೆ ಕೆಂಪು. ಇದೇ ಫಿಲ್ಮ್‌ನಲ್ಲಿ ಅದರ ಹೊರಗಿನ ಬಳೆ ಕಪ್ಪಾಗಿರುತ್ತಿತ್ತು.

ಟೈಗರ್ ಮಾತ್ ಅಲ್ಲ ಅಂತ ನಿಮಗೆ ಅನ್ನಿಸಿದ್ದು ಸರಿ. ಅದು ತರಬೇತಿಗೆ ಮಾಡಿದ ವಿಮಾನ, ಹಿಂದಿನ ಸೀಟಿಗೆ ಬಂದೂಕಿನ ರಿಂಗ್ ಇರಲ್ಲ. ನೀವು ಹೇಳುವ ಬಳೆ ಬಹುಶಃ ಅದೇ, ಬಂದೂಕನ್ನು ಸುತ್ತ ತಿರುಗಿಸಲು ಇಟ್ಟದ್ದು. ಈಗ ಎರಡು ಕಡೆ ನೋಡಿ ಹೇಳಿ. ಮೇಲಿನ ಕೆಳಗಿನ ರೆಕ್ಕೆಗಳ ನಡುವಿನ ಕಂಬಗಳು ಸುಮ್ನೆ ಎರಡು ನೇರ ಕೋಲುಗಳಾ, ಇಲ್ಲ ನಡುವೆ ಓರೆ ಕೋಲು ಸೇರಿ ಇಂಗ್ಲಿಷಿನ ಎನ್ ಅಕ್ಷರದ ಹಾಗಿದೆಯಾ? ರೆಕ್ಕೆಯ ಹಿಂಬದಿ ಅಂಚಿನಲ್ಲಿ ಏಲೆರಾನ್ ಸೀಳು, ಅಂದರೆ ಮಡಚುವ ಭಾಗದ ಗೆರೆ, ಯಾವ ರೆಕ್ಕೆಯಲ್ಲಿದೆ?

ಪ್ರಶ್ನೆ ಕೇಳಿದವರು:
ಭೂತಗನ್ನಡಿ ಹಿಡಿದು ನೋಡಿದೆ. ಕಂಬಗಳು ಎನ್ ಥರವೇ ಇವೆ, ಒಂದು ಬದಿಗೆ ಒಂದೇ ಜೊತೆ. ಸೀಳು ಮೇಲಿನ ರೆಕ್ಕೆಯಲ್ಲಿ ಮಾತ್ರ ಕಾಣುತ್ತೆ. ಮೇಲಿನ ರೆಕ್ಕೆ ಸ್ವಲ್ಪ ಹಿಂದಕ್ಕೆ ವಾಲಿದ ಹಾಗೂ ಇದೆ.

ಉತ್ತರ 2:
ಹಾಗಾದರೆ ಇದು ಹಾಕರ್ ಕಂಪನಿಯ ಹಾರ್ಟ್ ಅನ್ನೋ ವಿಮಾನದ ಕುಟುಂಬದ್ದು. ಟೈಗರ್ ಮಾತ್‌ನಲ್ಲಿ ಏಲೆರಾನ್ ಕೆಳಗಿನ ರೆಕ್ಕೆಯಲ್ಲಿ ಮಾತ್ರ ಇರುತ್ತೆ, ಹಾರ್ಟ್‌ನಲ್ಲಿ ಮೇಲಿನದರಲ್ಲಿ ಮಾತ್ರ. ಆ ಒಂದು ಗೆರೆಯಲ್ಲೇ ಅರ್ಧ ಜಗಳ ಮುಗಿಯುತ್ತೆ. ಮೂತಿ ಚೂಪಾಗಿರುವುದು ಒಳಗೆ ರೋಲ್ಸ್ ರಾಯ್ಸ್ ಕೆಸ್ಟ್ರೆಲ್ ಎಂಜಿನ್ ಇರುವುದರಿಂದ. ಅದು ನೀರಿನಿಂದ ತಣ್ಣಗಾಗುವ ವಿ-12 ಎಂಜಿನ್ (ವಿ ಆಕಾರದಲ್ಲಿ ಜೋಡಿಸಿದ 12 ಸಿಲಿಂಡರ್), ರೇಡಿಯೇಟರ್ ಹೊಟ್ಟೆಯ ಕೆಳಗೆ ಚಕ್ರದ ಕಾಲುಗಳ ನಡುವೆ ಇರುತ್ತೆ.

ಗಾತ್ರವೂ ಒಂದು ಸುಳಿವು. ಟೈಗರ್ ಮಾತ್‌ನ ರೆಕ್ಕೆ ತುದಿಯಿಂದ ತುದಿಗೆ ಸುಮಾರು 8.9 ಮೀಟರ್, ಹಾರ್ಟ್‌ನದು ಸುಮಾರು 11.3. ಆದರೆ ಮುಂದೆ ನಿಂತವರನ್ನು ಅಳತೆಗೋಲು ಮಾಡಿಕೊಳ್ಳಬೇಡಿ, ಅವರು ಕ್ಯಾಮೆರಾಗೆ ಹತ್ತಿರ ಇರುವುದರಿಂದ ವಿಮಾನ ಚಿಕ್ಕದಾಗಿ ಕಾಣುತ್ತೆ. ರೆಕ್ಕೆಗೆ ಒರಗಿ ನಿಂತವರಿದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತೆ.

ಉತ್ತರ 3:
ಹಾರ್ಟ್ ಅಂತಲೇ ಬರೆದಿಡುವ ಮೊದಲು ಸ್ವಲ್ಪ ತಡೆಯಿರಿ. ಹಾರ್ಟ್ ಮೊದಲು ಹಾರಿದ್ದು 1928ರಲ್ಲಿ, ಆಮೇಲೆ ಅದೇ ದೇಹದಿಂದ ಆಡಾಕ್ಸ್, ಡೀಮನ್, ಹಾರ್ಡಿ, ಹಿಂಡ್ ಎಲ್ಲ ಬಂದವು. ಎಲ್ಲವೂ ಒಂದೇ ಮನೆ ಮಕ್ಕಳ ಹಾಗೆ ಕಾಣುತ್ತವೆ. ನಿಮ್ಮ ಫೋಟೋದ ಉದ್ದನೆಯ ಪೈಪ್ ಹೊಗೆ ಹೋಗುವ ಪೈಪು, ಅದು ನನಗೆ ಆಡಾಕ್ಸ್ ನೆನಪಿಸುತ್ತೆ. ಆಡಾಕ್ಸ್ ಸೈನ್ಯದ ಜೊತೆ ಕೆಲಸ ಮಾಡಲು ಮಾಡಿದ ವಿಮಾನ. ನೆಲದ ಮೇಲೆ ಎರಡು ಕಂಬ ನೆಟ್ಟು ನಡುವೆ ಹಗ್ಗ ಕಟ್ಟಿ, ಅದಕ್ಕೆ ಸಂದೇಶದ ಚೀಲ ತೂಗುಹಾಕುತ್ತಿದ್ದರು. ವಿಮಾನ ತೀರಾ ಕೆಳಗೆ ಹಾರಿಬಂದು ಹೊಟ್ಟೆಯ ಕೆಳಗಿನ ಕೊಕ್ಕೆಯಿಂದ ಅದನ್ನು ಎತ್ತಿಕೊಂಡು ಹೋಗುತ್ತಿತ್ತು. ಆ ಕೊಕ್ಕೆಯ ಕೋಲು ಚಕ್ರಗಳ ನಡುವಿನಿಂದ ಹಿಂದಕ್ಕೆ ಚಾಚಿರುತ್ತೆ, ಅದಿದೆಯಾ ನೋಡಿ. ಬಾಲದ ಹತ್ತಿರ ನಂಬರ್ ಇದ್ದರೆ ಅದನ್ನೂ ಹೇಳಿ.

ಮೊಬೈಲಲ್ಲಿ ಫೋಟೋ ತೆಗೆಯಬೇಡಿ, 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಆಲ್ಬಮ್‌ಗೆ ಅಂಟಿದ್ದರೆ ದಯವಿಟ್ಟು ಕೀಳಬೇಡಿ, ಅಂಟಿದ ಹಾಗೇ ಸ್ಕ್ಯಾನ್ ಮಾಡಿ. ಬಿಡಿಯಾಗಿದ್ದರೆ ಹಿಂಬದಿಯನ್ನೂ ಮಾಡಿ, ಪೆನ್ಸಿಲಲ್ಲಿ ಬರೆದದ್ದು ಓರೆ ಬೆಳಕಿನಲ್ಲಿ ಎದ್ದು ಬರುತ್ತೆ.

ಪ್ರಶ್ನೆ ಕೇಳಿದವರು:
ಸ್ಕ್ಯಾನ್ ಮಾಡಿದೆ. ಚಕ್ರಗಳ ನಡುವೆ ತೆಳ್ಳಗೆ ಒಂದು ಕೋಲು ಇದೆ! ಇಷ್ಟು ದಿನ ಅದನ್ನು ಫೋಟೋದ ಮೇಲಿನ ಗೀರು ಅಂದುಕೊಂಡಿದ್ದೆ. ನಂಬರಿನಲ್ಲಿ ಕೆ ಅಕ್ಷರ, ಆಮೇಲೆ 2 ಸ್ಪಷ್ಟವಾಗಿದೆ, ಉಳಿದ ಮೂರು ಅಂಕಿಗೆ ಒಬ್ಬರ ಟೋಪಿ ಅಡ್ಡ ಬಂದಿದೆ. ಹಿಂಬದಿ ಖಾಲಿ.

ಉತ್ತರ 3:
ಆಹಾ, ಒಳ್ಳೆ ಸುದ್ದಿ. ಕೊಕ್ಕೆ ಹಾರ್ಡಿಗೂ ಇತ್ತು, ಆ ಒಂದು ಅನುಮಾನ ನನಗಿತ್ತು. ಆದರೆ ಬ್ರಿಟಿಷ್ ನಂಬರುಗಳನ್ನು ವಿಮಾನಕ್ಕೆ ಆರ್ಡರ್ ಕೊಟ್ಟ ಹಾಗೆ ಸಾಲಾಗಿ ಕೊಡುತ್ತಿದ್ದರು. ಆಡಾಕ್ಸ್ ಮೊದಲು ಹಾರಿದ್ದು 1931ರ ಕೊನೆಗೆ, ಹಾರ್ಡಿ 1934ರಲ್ಲಿ, ಹಾಗಾಗಿ ಹಾರ್ಡಿಯ ನಂಬರುಗಳು ನಿಮ್ಮದಕ್ಕಿಂತ ಮುಂದಿನವು. ಕೆ 2 ಅಂತ ಶುರುವಾಗಿ, ಕೊಕ್ಕೆಯೂ ಉದ್ದನೆಯ ಪೈಪೂ ಇದೆ ಅಂದರೆ ನಾನಂತೂ ಧೈರ್ಯವಾಗಿ ಹಾಕರ್ ಆಡಾಕ್ಸ್ ಅಂತೀನಿ. ಫೋಟೋ 1932ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ ಅನ್ನಿಸುತ್ತೆ.

ಟ್ರಂಕಿನಲ್ಲಿ ಅದೇ ದಿನದ ಇನ್ನೊಂದು ಫೋಟೋ ಇದೆಯಾ ಹುಡುಕಿ. ಇಂಥ ಗುಂಪು ಫೋಟೋ ತೆಗೆಯುವಾಗ ಒಂದರ ಹಿಂದೆ ಒಂದು ಎರಡು ಮೂರು ತೆಗೆಯುತ್ತಿದ್ದರು. ಟೋಪಿಯವರು ಸ್ವಲ್ಪ ಪಕ್ಕಕ್ಕೆ ಸರಿದಿದ್ದರೂ ಸಾಕು, ಪೂರ್ತಿ ನಂಬರ್ ಸಿಗುತ್ತೆ.

ಪ್ರಶ್ನೆ ಕೇಳಿದವರು:
ಅತ್ತೆಯ ಮನೆಯಲ್ಲಿ ಒಂದು ಲಕೋಟೆ ತುಂಬಾ ನೆಗೆಟಿವ್‌ಗಳಿವೆಯಂತೆ. ಭಾನುವಾರ ಹೋಗಿ ತರ್ತೀನಿ, ಸಿಕ್ಕಿದ್ದನ್ನು ಇಲ್ಲೇ ಹಾಕ್ತೀನಿ.