ತೋಟದ ದಾರಿಗೂ ಘಾಟಿ ರಸ್ತೆಗೂ ಒಂದೇ ಬೈಕ್: ಯಾವ ಎಬಿಎಸ್ ತಗೊಳ್ಳಲಿ?

ಪ್ರಶ್ನೆ (ನಾಪೋಕ್ಲು ಕಡೆಯಿಂದ)

ಅಣ್ಣ, ನಮಸ್ಕಾರ. ನಮ್ಮ ಮನೆ ನಾಪೋಕ್ಲುವಿನಿಂದ ಒಳಗೆ. ಟಾರ್ ರಸ್ತೆ ಬಿಟ್ಟ ಮೇಲೆ ಎರಡು ಕಿಲೋಮೀಟರ್ ತೋಟದ ಮಣ್ಣು ದಾರಿ, ಅದರಲ್ಲಿ ಅರ್ಧಕ್ಕೂ ಜಾಸ್ತಿ ಇಳಿಜಾರು. ದಿನಾ ಮೂರ್ನಾಡು ಮೇಲೆ ಮಡಿಕೇರಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಈಗಿರುವುದು ಹಳೇ 150 ಸಿಸಿ ಬೈಕ್, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ. ಕಳೆದ ಮಳೆಗಾಲದಲ್ಲಿ ಮೇಕೇರಿ ಹತ್ತಿರ ಹಸು ಅಡ್ಡ ಬಂತು. ಮುಂದಿನ ಬ್ರೇಕ್ ಹಿಡಿದಿದ್ದಷ್ಟೇ ನೆನಪು, ಆಮೇಲೆ ರಸ್ತೆ ಮೇಲೆ ಮಲಗಿದ್ದೆ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ, ಪುಣ್ಯ.

ಈಗ ಗಾಡಿ ಬದಲಾಯಿಸಬೇಕು. 2019ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಸೆಕೆಂಡ್ ಹ್ಯಾಂಡ್ ಒಂದು ಸಿಗುತ್ತಿದೆ. ಇಲ್ಲದಿದ್ದರೆ ಹೀರೋ ಎಕ್ಸ್‌ಪಲ್ಸ್ 200 4ವಿ. ಎಬಿಎಸ್ ಇರುವ ಗಾಡಿ ಮಣ್ಣಿನಲ್ಲಿ ನಿಲ್ಲುವುದೇ ಇಲ್ಲ ಅಂತ ಗೆಳೆಯರು ಹೆದರಿಸುತ್ತಾರೆ. ಅಪ್ಪ ಬೇರೆ, "ನಾನು ಇದೇ ದಾರೀಲಿ ಜಾವಾ ಓಡಿಸಿಲ್ವಾ, ಆಗ ಯಾವ ಎಬಿಎಸ್ ಇತ್ತು?" ಅಂತಾರೆ. ಏನು ಮಾಡಲಿ?

ಉತ್ತರ (ಮೆಕ್ಯಾನಿಕ್, ಗೋಣಿಕೊಪ್ಪ)

ಮೊದಲು ಅಪ್ಪನಿಗೆ ಉತ್ತರ ಕೊಡೋಣ. ಜಾವಾಕ್ಕೆ ಇದ್ದಿದ್ದು ಡ್ರಮ್ ಬ್ರೇಕ್. ಮಳೆಯಲ್ಲಿ ಅದು ಹಿಡಿದರೇ ದೊಡ್ಡದು, ಮುಂದಿನ ಚಕ್ರ ಲಾಕ್ ಆಗುವ ಮಾತು ಎಲ್ಲಿಂದ ಬಂತು! ಈಗಿನ ಡಿಸ್ಕ್ ಹಾಗಲ್ಲ. ಎರಡು ಬೆರಳು ಗಟ್ಟಿಯಾಗಿ ಹಿಡಿದರೆ ಚಕ್ರ ನಿಂತುಬಿಡುತ್ತದೆ. ಚಕ್ರ ನಿಂತಿತು, ಗಾಡಿ ನಿಂತಿಲ್ಲ, ಅಲ್ಲೇ ನೀವು ಬಿದ್ದದ್ದು.

ಎಬಿಎಸ್ ಮಾಡುವ ಕೆಲಸ ಇಷ್ಟೇ. ಡಿಸ್ಕ್ ಪಕ್ಕದಲ್ಲಿ ಸಣ್ಣ ಸಣ್ಣ ಕಿಂಡಿ ಇರುವ ಒಂದು ರಿಂಗ್ ಚಕ್ರದ ಜೊತೆ ತಿರುಗುತ್ತಿರುತ್ತದೆ. ಎದುರಿಗಿರುವ ಸೆನ್ಸರ್ ಆ ಕಿಂಡಿಗಳನ್ನು ಎಣಿಸುತ್ತಾ ಇರುತ್ತದೆ. ಚಕ್ರ ಇದ್ದಕ್ಕಿದ್ದಂತೆ ನಿಧಾನವಾದರೆ ಲಾಕ್ ಆಗುತ್ತಿದೆ ಅಂತ ಲೆಕ್ಕ. ಆಗ ಬ್ರೇಕ್ ಆಯಿಲ್‌ನ ಒತ್ತಡವನ್ನು ಒಂದು ಕ್ಷಣ ಬಿಟ್ಟು ಮತ್ತೆ ಹಿಡಿಯುತ್ತದೆ, ಒಂದು ಸೆಕೆಂಡಿನಲ್ಲಿ ಹಲವು ಸಲ. ಹಿಂದಿನ ಪೆಡಲ್ ಕಾಲಿನ ಕೆಳಗೆ ಗಡಗಡ ಅನ್ನುವುದು ಅದಕ್ಕೇ. ಹೊಸಬರು ಹೆದರಿ ಬ್ರೇಕ್ ಬಿಟ್ಟುಬಿಡುತ್ತಾರೆ. ಬಿಡಬಾರದು.

ನಿಮ್ಮ ಗೆಳೆಯರು ಹೇಳಿದ್ದರಲ್ಲೂ ಅರ್ಧ ಸತ್ಯ ಇದೆ. ಒಣಗಿದ ಸಡಿಲ ಮಣ್ಣಿನಲ್ಲಿ, ಜಲ್ಲಿಯಲ್ಲಿ ಲಾಕ್ ಆದ ಚಕ್ರ ತನ್ನ ಮುಂದೆ ಮಣ್ಣು ಗುಡ್ಡೆ ಹಾಕಿಕೊಳ್ಳುತ್ತದೆ. ಆ ಗುಡ್ಡೆಯೇ ಗಾಡಿಯನ್ನು ತಡೆಯುತ್ತದೆ. ಎಬಿಎಸ್ ಇದ್ದರೆ ಚಕ್ರ ಲಾಕ್ ಆಗಲು ಬಿಡುವುದಿಲ್ಲ, ಗುಡ್ಡೆಯೂ ಆಗುವುದಿಲ್ಲ, ಚಕ್ರ ತಿರುಗುತ್ತಾ ಗಾಡಿ ಮುಂದೆ ಹೋಗುತ್ತದೆ. ಇಳಿಜಾರಿನಲ್ಲಿ ಪೆಡಲ್ ಪೂರ್ತಿ ಒತ್ತಿದ್ದರೂ ಗಾಡಿ ಹೋಗ್ತಾನೇ ಇದ್ದರೆ ಎದೆ ಝಲ್ ಅನ್ನದೆ ಇರುತ್ತದಾ? ಆದರೆ ಜುಲೈ ತಿಂಗಳ ಕೆಸರಿಗೆ ಈ ಗುಡ್ಡೆ ಲೆಕ್ಕವೂ ನಡೆಯುವುದಿಲ್ಲ. ಅಲ್ಲಿ ಲಾಕ್ ಮಾಡಿದರೂ ಜಾರುತ್ತದೆ, ಮಾಡದಿದ್ದರೂ ಜಾರುತ್ತದೆ. ಅಲ್ಲಿ ಕಾಪಾಡುವುದು ಟೈರು ಮತ್ತೆ ಫಸ್ಟ್ ಗೇರು.

ಈಗ ನಿಮ್ಮ ದಾರಿಯ ಲೆಕ್ಕ ನೋಡಿ. ಮಣ್ಣು ಎರಡು ಕಿಲೋಮೀಟರ್, ವೇಗ ಹದಿನೈದೋ ಇಪ್ಪತ್ತೋ. ಟಾರ್ ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ವೇಗ ಐವತ್ತು. ಐವತ್ತರಲ್ಲಿ ಒಂದು ಸೆಕೆಂಡಿಗೆ ಗಾಡಿ ಸುಮಾರು 14 ಮೀಟರ್ ಹೋಗಿರುತ್ತದೆ. ಮೇಲೆ ಮರದ ನೆರಳು, ಕೆಳಗೆ ಪಾಚಿ, ಸಿಲ್ವರ್ ಓಕ್ ಮರದ ಒದ್ದೆ ಎಲೆ, ತಿರುವಿನಲ್ಲಿ ಟ್ರ್ಯಾಕ್ಟರ್ ಉದುರಿಸಿದ ಮಣ್ಣು. ನಮ್ಮ ಕಡೆ ತಿತಿಮತಿ ರಸ್ತೆಯಲ್ಲಾದರೆ ಆನೆ ಲದ್ದಿಯೂ ಸೇರಿಸಿಕೊಳ್ಳಿ. ಮಣ್ಣು ದಾರಿಯಲ್ಲಿ ಬಿದ್ದರೆ ಪ್ಯಾಂಟ್ ಹಾಳು. ಟಾರಿನಲ್ಲಿ ಬಿದ್ದರೆ ಎದುರಿನಿಂದ ಬಸ್ ಬರುತ್ತಿರುತ್ತದೆ. ಅದಕ್ಕೇ ಮುಂದಿನ ಚಕ್ರಕ್ಕೆ ಎಬಿಎಸ್ ಬೇಕೇ ಬೇಕು, ಅದನ್ನು ಎಂದೂ ಆಫ್ ಮಾಡಬೇಡಿ. ಹಿಂದಿನದ್ದನ್ನು ಬೇಕಾದಾಗ ಆಫ್ ಮಾಡುವ ಸ್ವಿಚ್ ಇದ್ದರೆ ನಿಮ್ಮ ದಾರಿಗೆ ಸರಿ.

ಹಿಮಾಲಯನ್ 2016ರಲ್ಲಿ ಬಂದಾಗ ಎಬಿಎಸ್ ಇರಲಿಲ್ಲ. 2018ರಲ್ಲಿ ಎರಡೂ ಚಕ್ರಕ್ಕೆ ಬಂತು, ಆಫ್ ಮಾಡಲು ಆಗುತ್ತಿರಲಿಲ್ಲ. 2020ರ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಯಲ್ಲಿ ಹಿಂದಿನದ್ದಕ್ಕೆ ಮಾತ್ರ ಸ್ವಿಚ್ ಕೊಟ್ಟರು. ನೀವು ನೋಡಿರುವ 2019ರದ್ದು ಇವೆರಡರ ನಡುವೆ ಸಿಕ್ಕಿಕೊಂಡಿದೆ. ಅದನ್ನು ಬಿಡಿ, 2020ರ ನಂತರದ್ದು ಹುಡುಕಿ.

ಎಕ್ಸ್‌ಪಲ್ಸ್ 200 4ವಿ ಸಿಂಗಲ್ ಚಾನೆಲ್. ಅಂದರೆ ಮುಂದಿನ ಚಕ್ರಕ್ಕೆ ಮಾತ್ರ. ಇಳಿಜಾರಿನಲ್ಲಿ ಹಿಂದಿನ ಚಕ್ರ ನಿಮ್ಮ ಕಾಲಿನ ಮಾತು ಕೇಳುತ್ತದೆ, ಸ್ವಿಚ್ ಹುಡುಕುವ ಕೆಲಸವಿಲ್ಲ. ಒದ್ದೆ ಟಾರಿನಲ್ಲಿ ಪೆಡಲ್ ಜೋರಾಗಿ ಒತ್ತಿದರೆ ಹಿಂದೆ ಅಡ್ಡ ಜಾರುತ್ತದೆ, ಅದನ್ನು ಅಭ್ಯಾಸ ಮಾಡಿಕೊಳ್ಳಬೇಕು. ತೂಕ ಸುಮಾರು 160 ಕೆಜಿ. ಹಿಮಾಲಯನ್ 190ರ ಮೇಲೆ. ತೋಟದ ಚರಂಡಿಗೆ ಬಿದ್ದ ಗಾಡಿ ಒಬ್ಬರೇ ಎತ್ತುವಾಗ ಈ 30 ಕೆಜಿ ಏನು ಅಂತ ಗೊತ್ತಾಗುತ್ತದೆ. ಒಬ್ಬರೇ ಓಡಾಡುವುದಾದರೆ ಎಕ್ಸ್‌ಪಲ್ಸ್. ಹೆಂಡತಿ, ಚೀಲ, ವಾರಕ್ಕೊಮ್ಮೆ ಮೈಸೂರು ಅಂತಿದ್ದರೆ ಸ್ವಿಚ್ ಇರುವ ಹಿಮಾಲಯನ್.

ಸಂಪಾಜೆಯಿಂದ ಒಬ್ಬರು

ನನ್ನದು ಡ್ಯುಯಲ್ ಚಾನೆಲ್ ಮಾರಾಯ್ರೆ, ಎರಡೂ ಚಕ್ರಕ್ಕೆ ಎಬಿಎಸ್ ಇದೆ. ಆದರೂ ಘಾಟಿಯ ತಿರುವಿನಲ್ಲಿ ಮೊನ್ನೆ ಜಾರಿದೆ. ಇದ್ದೂ ಏನು ಪ್ರಯೋಜನ?

ಉತ್ತರ

ಗಾಡಿ ಬಾಗಿದ್ದಾಗ ಬ್ರೇಕ್ ಹಿಡಿದಿರಿ, ಅಲ್ವಾ? ನಾವು ಹೇಳುತ್ತಿರುವ ಗಾಡಿಗಳ ಎಬಿಎಸ್‌ಗೆ ಗಾಡಿ ಎಷ್ಟು ಬಾಗಿದೆ ಅಂತ ಗೊತ್ತಿರುವುದಿಲ್ಲ. ಅದನ್ನು ಅಳೆಯುವ ಸೆನ್ಸರ್ ಇರುವುದು ದುಬಾರಿ ಬೈಕ್‌ಗಳಲ್ಲಿ. ಟೈರಿಗೆ ಇರುವ ಹಿಡಿತ ಒಂದೇ, ತಿರುಗಲು ಅರ್ಧ ಖರ್ಚಾದರೆ ಬ್ರೇಕಿಗೆ ಉಳಿಯುವುದು ಕಮ್ಮಿ. ತಿರುವಿಗೆ ಮೊದಲೇ, ಗಾಡಿ ನೇರ ಇರುವಾಗಲೇ ವೇಗ ಇಳಿಸಿ. ನಲವತ್ತರಲ್ಲಿ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ಜಾಗದ ಎರಡೂಕಾಲು ಪಟ್ಟು ಅರವತ್ತಕ್ಕೆ ಬೇಕು, ಎಬಿಎಸ್ ಇದ್ದರೂ ಅಷ್ಟೇ. ಟೈರ್ ಎಷ್ಟು ಸವೆದಿದೆ ಅಂತಲೂ ಒಮ್ಮೆ ಬಗ್ಗಿ ನೋಡಿ.

ಸೋಮವಾರಪೇಟೆಯಿಂದ ಒಬ್ಬರು

ಅಣ್ಣ, ನನ್ನ ಗಾಡಿಗೆ ಸ್ವಿಚ್ ಇಲ್ಲ. ಮಣ್ಣಿಗಿಳಿಯುವಾಗ ಫ್ಯೂಸ್ ತೆಗೆದರೆ ಸಾಕು ಅಂತ ವಿಡಿಯೋದಲ್ಲಿ ನೋಡಿದೆ.

ಉತ್ತರ

ತೆಗೆದರೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ, ಅದು ನಿಜ. ಆದರೆ ಮುಂದಿನ ಚಕ್ರದ ಎಬಿಎಸ್ಸೂ ಹೋಯಿತಲ್ಲ! ಕೆಲವು ಗಾಡಿಗಳಲ್ಲಿ ಸ್ಪೀಡೋಮೀಟರ್ ಕೂಡ ನಿಲ್ಲುತ್ತದೆ. ಸಾಯಂಕಾಲ ಟಾರಿಗೆ ಬಂದಾಗ ಫ್ಯೂಸ್ ಜೇಬಿನಲ್ಲೇ ಉಳಿದಿರುತ್ತದೆ. ನನ್ನ ಬಳಿ ಹಾಗೆ ಬಂದವರು ಇದ್ದಾರೆ, ಬಂದಿದ್ದು ಹ್ಯಾಂಡಲ್ ನೆಟ್ಟಗೆ ಮಾಡಿಸಲು. ಸುಮ್ನೆ ಫಸ್ಟ್ ಗೇರಿನಲ್ಲಿ ಇಳಿಯಿರಿ, ಕ್ಲಚ್ ಹಿಡಿಯಬೇಡಿ, ಇಂಜಿನ್ನೇ ಎಳೆದು ಹಿಡಿಯಲಿ. ಹಿಂದಿನ ಬ್ರೇಕ್ ಮೆಲ್ಲಗೆ, ಮುಂದಿನದ್ದಕ್ಕೆ ಒಂದೇ ಬೆರಳು. ತೀರಾ ನಿಧಾನದಲ್ಲಿ, ಅಂದರೆ ನಡಿಗೆ ವೇಗದಲ್ಲಿ, ಎಬಿಎಸ್ ಹೇಗೂ ಕೆಲಸ ಮಾಡುವುದಿಲ್ಲ. ಅದನ್ನೇ ನಂಬಿ ಮುಂದಿನದ್ದು ಗಬಕ್ಕನೆ ಹಿಡಿಯಬೇಡಿ. ಸ್ವಿಚ್ ಇರುವವರಿಗೂ ಒಂದು ಮಾತು: ಬಹುತೇಕ ಗಾಡಿಗಳಲ್ಲಿ ಕೀ ಆಫ್ ಮಾಡಿದರೆ ಎಬಿಎಸ್ ಮತ್ತೆ ಆನ್ ಆಗುತ್ತದೆ. ನಡುದಾರಿಯಲ್ಲಿ ಫೋನ್ ಮಾತಾಡಲು ನಿಲ್ಲಿಸಿದ್ದರೆ ಇಳಿಯುವ ಮೊದಲು ಎಬಿಎಸ್ ದೀಪ ನೋಡಿ.

ಅಮ್ಮತ್ತಿಯಿಂದ ಒಬ್ಬರು

ನನ್ನದು 125ರ ಸ್ಕೂಟರ್, ಸಿಬಿಎಸ್ ಅಂತ ಬರೆದಿದೆ. ಅದೂ ಇದೂ ಒಂದೇನಾ? ಇನ್ನೊಂದು, ನಮ್ಮ ಮನೆಯವರ ಬೈಕಿನಲ್ಲಿ ಎಬಿಎಸ್ ದೀಪ ಆರುತ್ತಲೇ ಇಲ್ಲ. ಪಂಕ್ಚರ್ ಹಾಕಿಸಿಕೊಂಡು ಬಂದಾಗಿನಿಂದ ಹೀಗೆ.

ಉತ್ತರ

ಒಂದೇ ಅಲ್ಲ ಅಕ್ಕ. ಸಿಬಿಎಸ್ ಅಂದರೆ ಒಂದು ಬ್ರೇಕ್ ಹಿಡಿದರೆ ಎರಡೂ ಚಕ್ರಕ್ಕೆ ಹಂಚುತ್ತದೆ. ಲಾಕ್ ಆಗುವುದನ್ನು ತಡೆಯುವುದಿಲ್ಲ. 125 ಸಿಸಿಗಿಂತ ದೊಡ್ಡ ಗಾಡಿಗೆ ಎಬಿಎಸ್ ಕಡ್ಡಾಯ ಮಾಡಿದ್ದು 2018ರ ಏಪ್ರಿಲ್‌ನಿಂದ ಹೊಸ ಮಾಡೆಲ್‌ಗಳಿಗೆ, 2019ರ ಏಪ್ರಿಲ್‌ನಿಂದ ಮಾರುವ ಎಲ್ಲಕ್ಕೂ. 125 ಮತ್ತು ಅದಕ್ಕಿಂತ ಚಿಕ್ಕದಕ್ಕೆ ಆಗ ಸಿಬಿಎಸ್ ಸಾಕು ಅಂದರು.

ಪಂಕ್ಚರ್ ಮಾತು ನೀವೇ ಹೇಳಿದ್ದು ಒಳ್ಳೆಯದಾಯಿತು. ಚಕ್ರ ಬಿಚ್ಚಿ ಡಿಸ್ಕ್ ಕೆಳಗೆ ಮಾಡಿ ನೆಲಕ್ಕೆ ಹಾಕಿ, ಮೇಲೆ ನಿಂತು ಟೈರ್ ಕಳಚುತ್ತಾರೆ. ಆ ರಿಂಗ್ ತೆಳು ತಗಡು, ಬಗ್ಗುತ್ತದೆ. ಹೋದ ತಿಂಗಳು ಒಂದು ಗಾಡಿ ಬಂತು, ಎರಡು ಕಡೆ ತೋರಿಸಿ ಸಾವಿರಗಟ್ಟಲೆ ಖರ್ಚಾಗುತ್ತೆ ಅಂತ ಕೇಳಿಸಿಕೊಂಡು ಬಂದಿದ್ದರು. ಚಕ್ರ ಎತ್ತಿ ನಿಧಾನಕ್ಕೆ ತಿರುಗಿಸಿದೆ. ರಿಂಗ್ ಒಂದು ಜಾಗದಲ್ಲಿ ಸೆನ್ಸರ್‌ನಿಂದ ದೂರ ಹೋಗಿ ಮತ್ತೆ ಹತ್ತಿರ ಬರುತ್ತಿತ್ತು, ಅಕ್ಕಿ ಕಾಳಿನಷ್ಟು. ಅಷ್ಟೇ ಕಾಯಿಲೆ. ರಿಂಗ್ ಬದಲಾಯಿಸಿದೆವು, ದೀಪ ಆರಿತು. ನೀವೂ ಮೊದಲು ರಿಂಗ್ ನೋಡಿಸಿ. ಕೆಸರು ಕಟ್ಟಿದ್ದರೆ ನೀರು ಹಾಕಿ ಮೆತ್ತಗಿನ ಬ್ರಷ್‌ನಲ್ಲಿ ತೊಳೆಯಿರಿ, ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಅದು ಗಾಳಿಯ ನೀರು ಹೀರುತ್ತದೆ, ನಮ್ಮೂರಿನ ಗಾಳಿಯಲ್ಲಿ ಇರುವುದೇ ನೀರು.

ಮೊದಲು ಕೇಳಿದವರು

ಥ್ಯಾಂಕ್ಸ್ ಅಣ್ಣ. ಕುಶಾಲನಗರದಲ್ಲಿ 2021ರ ಹಿಮಾಲಯನ್ ಒಂದಿದೆಯಂತೆ, ಭಾನುವಾರ ಹೋಗುತ್ತೇನೆ. ಎಬಿಎಸ್ ಸರಿ ಇದೆಯಾ ಅಂತ ನೋಡುವುದು ಹೇಗೆ?

ಉತ್ತರ

ಸೀಟ್ ಕೆಳಗೋ ಟ್ಯಾಂಕ್ ಕೆಳಗೋ ಎಬಿಎಸ್ ಡಬ್ಬಿ ಇರುತ್ತದೆ. ಅದಕ್ಕೆ ಬರುವ ಬ್ರೇಕ್ ಪೈಪ್ ಎಣಿಸಿ. ನಾಲ್ಕಿದ್ದರೆ ಡ್ಯುಯಲ್, ಎರಡಿದ್ದರೆ ಸಿಂಗಲ್. ಬಹುತೇಕ ಗಾಡಿಗಳಿಗೆ ಈ ಲೆಕ್ಕ ನಡೆಯುತ್ತದೆ, ಮಾರುವವರ ಬಾಯಿ ಮಾತು ಬೇಡ. ಆಮೇಲೆ ಕೀ ಆನ್ ಮಾಡಿ. ಎಬಿಎಸ್ ದೀಪ ಹತ್ತಲೇಬೇಕು. ಗಾಡಿ ಸ್ವಲ್ಪ ಮುಂದೆ ಹೋದ ಮೇಲೆ ಆರಲೇಬೇಕು. ಆಮೇಲೆ ಖಾಲಿ ಜಾಗದಲ್ಲಿ ಮೂವತ್ತರಲ್ಲಿ ನೇರ ಹೋಗುತ್ತಾ ಹಿಂದಿನದ್ದು ಜೋರಾಗಿ ಒತ್ತಿ, ಕಾಲಿಗೆ ಗಡಗಡ ಸಿಗಬೇಕು.

ಮೊದಲು ಕೇಳಿದವರು (ಭಾನುವಾರ)

ಅಣ್ಣ, ಇಲ್ಲೇ ಇದ್ದೇನೆ. ಪೈಪ್ ನಾಲ್ಕಿದೆ. ಕೀ ಆನ್ ಮಾಡಿದರೆ ಎಬಿಎಸ್ ದೀಪ ಹತ್ತುವುದೇ ಇಲ್ಲ. ಬಲ್ಬ್ ಹೋಗಿರಬೇಕು, ಸಣ್ಣ ಕೆಲಸ ಅಂತಿದ್ದಾರೆ. ಎರಡು ಸಾವಿರ ಕಮ್ಮಿ ಮಾಡಿ ಕೊಡ್ತಾರಂತೆ.

ಉತ್ತರ

ಆರದ ದೀಪ ಬೇಡ ಅಂತ ಯಾರೋ ದೀಪವನ್ನೇ ಆರಿಸಿದ್ದಾರೆ. ಕಾಫಿ ಕೊಟ್ಟರೆ ಕುಡಿದು ಬನ್ನಿ.