ಅಪ್‌ಡೇಟ್: ಕೊನೆಗೂ ನೀಲಿ ಮೊಟ್ಟೆ ಸಿಕ್ಕಿತು

ಒರೆಗಾನ್‌ನ ನಮ್ಮ ಹಿತ್ತಿಲಿಗೆ, ಬಣ್ಣದ ಮೊಟ್ಟೆ ಇಡುವ ಯಾವ ಕೋಳಿ ತಳಿ ಒಳ್ಳೆಯದು ಎಂದು ಮಾರ್ಚ್‌ನಲ್ಲಿ ಕೇಳಿದ್ದೆ. ನೀವು ಹೇಳಿದಂತೆ ನೀಲಿ ಮೊಟ್ಟೆ ಇಡುವ ಅಮೆರಾಕಾನಾ ಎರಡು, ಕಡುಕಂದು ಮೊಟ್ಟೆ ಇಡುವ ಮಾರಾನ್ಸ್ ಎರಡು, ಒಂದು ಈಸ್ಟರ್ ಎಗ್ಗರ್ ಮರಿ ತಂದೆವು.

ಏಳು ತಿಂಗಳು ಕಾದ ಮೇಲೆ ನಿನ್ನೆ ಗೂಡಿನ ಹುಲ್ಲಿನಲ್ಲಿ ತಿಳಿನೀಲಿ ಮೊಟ್ಟೆ! ಇನ್ನೂ ಬೆಚ್ಚಗಿತ್ತು. ಒಡೆದು ನೋಡಿದರೆ ಚಿಪ್ಪಿನ ಒಳಮೈಯೂ ನೀಲಿ. ಮಾರಾನ್ಸ್ ಮೊಟ್ಟೆ ಹಾಗಲ್ಲ. ಆ ಕಡುಕಂದು ಕೊನೆಯಲ್ಲಿ ಬಳಿದ ಲೇಪ. ಇಟ್ಟ ಹೊಸದರಲ್ಲಿ ಉಗುರು ತಾಗಿದರೂ ಗೀರು ಬೀಳುತ್ತದೆ, ಒಳಗೆಲ್ಲ ಬಿಳಿ.

ಈಸ್ಟರ್ ಎಗ್ಗರ್ ಮಿಶ್ರತಳಿ, ಬಣ್ಣಕ್ಕೆ ಖಾತರಿಯಿಲ್ಲ ಎಂದು ಎಚ್ಚರಿಸಿದ್ದಿರಿ. ನಿಜ, ನಮ್ಮದು ನಸುಗುಲಾಬಿ ಮೊಟ್ಟೆ ಇಡುತ್ತಿದೆ. ಹಸಿರು ಬೇಕೆಂದಿದ್ದ ಮಗಳು ಈಗ ಅದನ್ನೇ ಮೊದಲು ಎತ್ತಿಕೊಳ್ಳುತ್ತಾಳೆ. ರುಚಿ ಎಲ್ಲವಕ್ಕೂ ಒಂದೇ. ಬರುವ ವಸಂತಕ್ಕೆ ಆಲಿವ್ ಬಣ್ಣಕ್ಕಾಗಿ ಅಮೆರಾಕಾನಾ–ಮಾರಾನ್ಸ್ ಬೆರಕೆಯ ಮರಿಗಳನ್ನು ತರುತ್ತೇವೆ.