ಮಗು ಚಿಕ್ಕದಿರುವಾಗ ಫ್ರೀಲಾನ್ಸ್ ಪತ್ರಿಕೋದ್ಯಮ: ಅನುಭವವಿರುವವರು ತಿಳಿಸಿ

ಪ್ರಶ್ನೆ: ಬೆಂಗಳೂರಿನ ದಿನಪತ್ರಿಕೆಯೊಂದರಲ್ಲಿ ವರದಿಗಾರ್ತಿಯಾಗಿದ್ದೆ. ಹೆರಿಗೆಯ ನಂತರ ಕೆಲಸ ಬಿಟ್ಟು ಈಗ ಮೈಸೂರಿನಲ್ಲಿದ್ದೇನೆ. ಮಗನಿಗೆ ಒಂದೂವರೆ ವರ್ಷ. ನನ್ನವರು ಬೆಳಿಗ್ಗೆ ಹೋದರೆ ರಾತ್ರಿಯೇ ಬರುವುದು. ಫ್ರೀಲಾನ್ಸ್ ಆಗಿ ಮತ್ತೆ ಬರೆಯಬೇಕೆಂದಿದ್ದೇನೆ. ಎಂಥ ವರದಿಗಳನ್ನು ಒಪ್ಪಿಕೊಳ್ಳಬೇಕು, ಸಂಭಾವನೆ ತಡವಾದರೆ ಏನು ಮಾಡಬೇಕು, ಮಗುವನ್ನು ಯಾರ ಬಳಿ ಬಿಡಬೇಕು? ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.

ಹುಬ್ಬಳ್ಳಿಯಿಂದ, ಇಬ್ಬರು ಮಕ್ಕಳ ತಾಯಿ:

ನಿಮ್ಮ ಮೊದಲ ಪ್ರಶ್ನೆಗೆ ಮಾತ್ರ ವಿವರವಾಗಿ ಉತ್ತರಿಸುತ್ತೇನೆ, ಏಕೆಂದರೆ ಉಳಿದೆರಡೂ ಬಹುಮಟ್ಟಿಗೆ ಅದನ್ನೇ ಅವಲಂಬಿಸಿವೆ. ಯಾವುದೇ ವರದಿಯನ್ನು ಒಪ್ಪಿಕೊಳ್ಳುವ ಮೊದಲು ಅದರ ಸಮಯವನ್ನು ಯಾರು ನಿರ್ಧರಿಸುತ್ತಾರೆ ಎಂಬುದನ್ನು ನೋಡಿ. ಪತ್ರಿಕಾಗೋಷ್ಠಿ, ಪ್ರತಿಭಟನೆ, ಸಚಿವರ ಜಿಲ್ಲಾ ಪ್ರವಾಸ ಇವೆಲ್ಲ ಬೇರೆಯವರ ಸಮಯಕ್ಕೆ ನಡೆಯುವಂಥವು. ಹನ್ನೊಂದಕ್ಕೆ ಕರೆದ ಗೋಷ್ಠಿ ಒಂದು ಗಂಟೆಗೆ ಆರಂಭವಾದರೆ ಕಚೇರಿಯಿಂದ ಬಂದ ವರದಿಗಾರರು ಕಾಯುತ್ತಾರೆ. ಮಗುವನ್ನು ನೆರೆಮನೆಯಲ್ಲಿ ಬಿಟ್ಟು ಬಂದ ತಾಯಿಗೆ ಹಾಗೆ ಕಾಯುವುದು ಸಾಧ್ಯವಿಲ್ಲ. ದಿನದ ಸುದ್ದಿಯನ್ನು ಪತ್ರಿಕೆಗಳ ಖಾಯಂ ಸಿಬ್ಬಂದಿ ಹೇಗೂ ತರುತ್ತಾರೆ. ಅವರಿಗೆ ಕೂತು ಓದಲು ಪುರಸೊತ್ತಿಲ್ಲದ ಕಡತಗಳಲ್ಲಿ ನಮ್ಮಂಥವರಿಗೆ ನಿಜವಾದ ಜಾಗವಿದೆ ಎಂದು ನಾನು ನಂಬಿದ್ದೇನೆ.

2005ರ ಮಾಹಿತಿ ಹಕ್ಕು ಕಾಯ್ದೆ ಈ ಬಗೆಯ ಕೆಲಸಕ್ಕೆ ತುಂಬ ಒದಗುತ್ತದೆ. ಶುಲ್ಕ 10 ರೂಪಾಯಿ, ಅರ್ಜಿಯನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು, ಉತ್ತರಕ್ಕೆ 30 ದಿನಗಳ ಅವಧಿ ಇರುತ್ತದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು ಮತ್ತು 150 ಪದಗಳನ್ನು ಮೀರಬಾರದು. ಆದ್ದರಿಂದ ಶಾಲಾ ಕಟ್ಟಡದ ದುರಸ್ತಿಯನ್ನೂ ಬಿಸಿಯೂಟದ ಲೆಕ್ಕವನ್ನೂ ಒಂದೇ ಅರ್ಜಿಯಲ್ಲಿ ಕೇಳದೆ ಎರಡು ಅರ್ಜಿಗಳನ್ನಾಗಿ ಮಾಡಿ. ಉತ್ತರ ಬಾರದಿದ್ದರೆ ಅಥವಾ ಅರೆಬರೆಯಾಗಿ ಬಂದರೆ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ. ಬೇರೆ ಬೇರೆ ವಾರಗಳಲ್ಲಿ ಅರ್ಜಿಗಳನ್ನು ಹಾಕುತ್ತಾ ಹೋದರೆ, ಮಗುವಿಗೆ ಜ್ವರ ಬಂದು ನೀವು ಏನನ್ನೂ ಬರೆಯಲಾಗದ ವಾರದಲ್ಲೂ ಯಾವುದೋ ಒಂದು ವರದಿ ಸರ್ಕಾರಿ ಕಚೇರಿಯ ಮೇಜಿನ ಮೇಲೆ ತನ್ನಷ್ಟಕ್ಕೆ ಮುಂದೆ ಸಾಗುತ್ತಿರುತ್ತದೆ.

ಕಡತ ಕೈಗೆ ಬಂದ ಮೇಲೆ ಸ್ಥಳಕ್ಕೆ ಹೋಗಲೇಬೇಕು. ಫೋನಿನಲ್ಲಿ ಮಾತನಾಡಿ ಊರಿನ ಸ್ಥಿತಿಯನ್ನು ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಏನು ಕೇಳಬೇಕೆಂದು ಮೊದಲೇ ಗೊತ್ತಿರುವುದರಿಂದ ಒಂದು ತಾಲ್ಲೂಕಿನ ಕೆಲಸವನ್ನು ಒಂದೇ ದಿನದಲ್ಲಿ ಮುಗಿಸಬಹುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸಾರಿಗೆಯ ಬಸ್ಸುಗಳಲ್ಲಿ ನಮಗೆ ಟಿಕೆಟ್ ಖರ್ಚೂ ಇಲ್ಲ, ಸಣ್ಣ ಸಂಭಾವನೆಯ ವರದಿಗಳಿಗೆ ಇದು ದೊಡ್ಡ ಅನುಕೂಲ. ಮಗುವನ್ನು ಜೊತೆಗೆ ಕರೆದೊಯ್ಯುವ ಬಗ್ಗೆ ಹಲವರು ಉತ್ಸಾಹದಿಂದ ಹೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ: ತನ್ನ ಜಮೀನು ಹೋದ ಕಥೆಯನ್ನು ಹೇಳುತ್ತಿರುವ ಹೆಂಗಸಿಗೆ ನಮ್ಮ ಪೂರ್ಣ ಗಮನ ಸಲ್ಲಬೇಕು, ಮಡಿಲಲ್ಲಿ ಮಗು ಹಟ ಮಾಡುತ್ತಿರುವಾಗ ಅದನ್ನು ಕೊಡಲಾಗುವುದಿಲ್ಲ.

ಶಿರಸಿಯಿಂದ, ಶಾಲೆಗೆ ಹೋಗುವ ಮಗಳ ತಂದೆ:

ಮೇಡಂ, ನಮ್ಮ ಮನೆಯಲ್ಲಿ ಮಗಳ ಹೊಣೆ ನನ್ನದು, ತಿಂಗಳ ಸಂಬಳ ಹೆಂಡತಿಯದು. ಸಂಭಾವನೆಯ ವಿಚಾರವನ್ನು ಹೇಳುತ್ತೇನೆ, ಏಕೆಂದರೆ ಶಾಲೆಯ ಶುಲ್ಕ ಕಟ್ಟುವ ದಿನ ಬರುತ್ತದೆಯೇ ಹೊರತು ಪತ್ರಿಕೆಯ ಚೆಕ್ ಬರುವುದಿಲ್ಲ ಎಂಬ ಸ್ಥಿತಿಯನ್ನು ನಾವೆಲ್ಲ ಕಂಡಿದ್ದೇವೆ.

ಕಿರು ಉದ್ಯಮವೆಂದು ಸರ್ಕಾರದಲ್ಲಿ ಹೆಸರು ದಾಖಲಿಸುವ ಉದ್ಯಮ್ ನೋಂದಣಿಯನ್ನು ಮಾಡಿಸಿಕೊಳ್ಳಿ. ಆಧಾರ್ ಮತ್ತು ಪ್ಯಾನ್ ಇದ್ದರೆ ಅಧಿಕೃತ ಜಾಲತಾಣದಲ್ಲಿ ಉಚಿತವಾಗಿ ಆಗುತ್ತದೆ, ಯಾವ ಏಜೆಂಟರಿಗೂ ಹಣ ಕೊಡಬೇಕಾಗಿಲ್ಲ. 2006ರ ಎಂಎಸ್‌ಎಂಇಡಿ (ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯ ಪ್ರಕಾರ ಕಿರು ಉದ್ಯಮವಾಗಿ ನೋಂದಾಯಿಸಿಕೊಂಡವರಿಗೆ, ಲಿಖಿತ ಒಪ್ಪಂದವಿದ್ದರೂ ಗರಿಷ್ಠ 45 ದಿನಗಳೊಳಗೆ ಹಣ ಪಾವತಿಯಾಗಬೇಕು. ಒಪ್ಪಂದವೇ ಇಲ್ಲದಿದ್ದರೆ ಅವಧಿ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯನ್ನು ಕೊಡಬೇಕಾಗುತ್ತದೆ. ನೋಂದಣಿ ವರದಿ ಕೊಡುವುದಕ್ಕೂ ಮೊದಲೇ ಆಗಿರಲಿ, ಬಾಕಿ ಉಳಿದ ಮೇಲೆ ಮಾಡಿಸಿದರೆ ಹಳೆಯ ಬಿಲ್ಲಿಗೆ ಅದರ ಬಲ ಸಿಗುವುದು ಕಷ್ಟ. ನಾನು ಇದುವರೆಗೆ ಯಾರ ಮೇಲೂ ದೂರು ಸಲ್ಲಿಸಿಲ್ಲ. ಆದರೆ ಬಿಲ್ಲಿನಲ್ಲಿ ಉದ್ಯಮ್ ಸಂಖ್ಯೆಯನ್ನು ನಮೂದಿಸತೊಡಗಿದ ಮೇಲೆ ಲೆಕ್ಕ ವಿಭಾಗದವರಿಂದ ಉತ್ತರ ಬೇಗ ಬರುತ್ತಿದೆ, ಏಕೆಂದರೆ 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮದಂತೆ ಈ ಅವಧಿಯೊಳಗೆ ಪಾವತಿಸದ ಮೊತ್ತವನ್ನು ಸಂಸ್ಥೆಗಳು ಆ ವರ್ಷದ ಖರ್ಚಾಗಿ ತೋರಿಸಲು ಬರುವುದಿಲ್ಲ.

ವೃತ್ತಿಪರ ಶುಲ್ಕವೆಂದು ಶೇ 10ರಷ್ಟು ಟಿಡಿಎಸ್ (ಹಣ ಕೊಡುವಾಗಲೇ ಕಡಿತ ಮಾಡುವ ತೆರಿಗೆ) ಹಿಡಿದಿದ್ದರೆ, ನಿಮ್ಮ ಆದಾಯ ತೆರಿಗೆಯ ಮಿತಿಯೊಳಗಿದ್ದರೂ ರಿಟರ್ನ್ ಸಲ್ಲಿಸಿ. ಸಲ್ಲಿಸದೆ ಆ ಹಣ ಹಿಂದಿರುಗುವುದಿಲ್ಲ. ಇನ್ನೊಂದು ಮಾತು ಹಕ್ಕುಸ್ವಾಮ್ಯದ ಬಗ್ಗೆ. ನೌಕರಿಯಲ್ಲಿದ್ದಾಗ ಬರೆದದ್ದರ ಪ್ರಕಟಣೆಯ ಹಕ್ಕು ಪತ್ರಿಕೆಯ ಮಾಲೀಕರದು. ಫ್ರೀಲಾನ್ಸ್ ಆಗಿ ಬರೆದದ್ದು, ನೀವು ಬರೆದುಕೊಡದ ಹೊರತು, 1957ರ ಕಾಯ್ದೆಯಂತೆ ನಿಮ್ಮದೇ. ಹಾಗಾಗಿ ಸಹಿ ಹಾಕುವ ಮುನ್ನ ಪತ್ರದಲ್ಲಿ ‘ಎಲ್ಲ ಹಕ್ಕುಗಳೂ’ ಎಂದಿದೆಯೇ ನೋಡಿ. ಮಗು ಚಿಕ್ಕದಿರುವ ವರ್ಷಗಳಲ್ಲಿ ಒಂದು ವರದಿಗಾಗಿ ಸಂಗ್ರಹಿಸಿದ ವಿಷಯದಿಂದ ಮತ್ತೊಂದು ಭಾಷೆಯಲ್ಲಿ ಇನ್ನೊಂದು ಲೇಖನ ಬರೆಯುವ ಸ್ವಾತಂತ್ರ್ಯ ಬಹಳ ದೊಡ್ಡದು.

ಮೈಸೂರಿನಿಂದಲೇ, ಮೂರು ವರ್ಷದ ಮಗುವಿನ ತಾಯಿ:

ಮಗುವಿನ ವಿಚಾರದಲ್ಲಿ ಕಾನೂನು ನಮ್ಮ ಕೈಹಿಡಿಯುವುದಿಲ್ಲ ಎಂಬುದನ್ನು ತಿಳಿದೇ ಯೋಜನೆ ಮಾಡಿಕೊಳ್ಳಿ. 26 ವಾರಗಳ ಹೆರಿಗೆ ರಜೆ, 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ, ಇವೆಲ್ಲ ನೌಕರಿಯಲ್ಲಿರುವವರಿಗೆ. ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ ಮೂರು ವರ್ಷದ ನಂತರ. ಒಂದೂವರೆಯಿಂದ ಮೂರರವರೆಗಿನ ಅವಧಿಯನ್ನು ನಾವೇ ದಾಟಬೇಕು.

ನಾನು ಬೀದಿಯ ಕೊನೆಯಲ್ಲಿರುವ ಅಕ್ಕನೊಬ್ಬರನ್ನು ಕೇಳಿಕೊಂಡು, ವಾರದ ನಿಗದಿತ ದಿನಗಳಲ್ಲಿ ಬೆಳಗಿನ ಹೊತ್ತು ಮಗುವನ್ನು ಅವರ ಬಳಿ ಬಿಡುತ್ತಿದ್ದೆ. ನನಗೆ ಕೆಲಸವಿಲ್ಲದ ವಾರದಲ್ಲೂ ಅವರ ಹಣವನ್ನು ತಪ್ಪದೆ ಕೊಡುತ್ತಿದ್ದೆ. ಇದು ದುಂದು ಎಂದು ಮನೆಯಲ್ಲಿ ಮಾತು ಬಂತು. ನನಗೆ ಹಾಗನ್ನಿಸುವುದಿಲ್ಲ: ಕೆಲಸವಿದ್ದಾಗ ಮಾತ್ರ ಹಣ ಎಂಬ ಪದ್ಧತಿಯಿಂದ ನಾವೆಷ್ಟು ಬಳಲುತ್ತೇವೆಂದು ಗೊತ್ತಿದ್ದೂ ಅದನ್ನೇ ಇನ್ನೊಬ್ಬ ಹೆಂಗಸಿನ ಮೇಲೆ ಹೇರುವುದು ಸರಿಯಲ್ಲ. ಮಗುವಿಗೂ ಅವರ ಮನೆ ಚೆನ್ನಾಗಿ ಹೊಂದಿಕೊಂಡಿತು. ಸಂಪಾದಕರಿಗೂ ಆರಂಭದಲ್ಲೇ ಹೇಳಿಬಿಡಿ, ಮಧ್ಯಾಹ್ನ ಒಂದರ ನಂತರ ಫೋನಿನಲ್ಲಿ ಸಿಗುವುದಿಲ್ಲ, ತಿದ್ದುಪಡಿ ಏನಿದ್ದರೂ ರಾತ್ರಿ ಒಂಬತ್ತರ ಮೇಲೆ ಮಾಡಿಕೊಡುತ್ತೇನೆ ಎಂದು. ಇದನ್ನು ಒಪ್ಪದ ಪುರವಣಿಯ ಜೊತೆ ಕೆಲಸ ಹೇಗೂ ಬಹಳ ದಿನ ನಡೆಯುವುದಿಲ್ಲ.

ಹುಬ್ಬಳ್ಳಿಯವರು ಹೇಳಿದ ಬಗೆಯ ಕೆಲಸಕ್ಕೆ ನಿಮ್ಮ ಹತ್ತಿರದಲ್ಲೇ ಒಂದು ವಿಷಯವಿದೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾದಾಗ ಅವುಗಳಲ್ಲಿ ಟಿ. ನರಸೀಪುರವೂ ಒಂದು. ಅಲ್ಲಿನ ಅಂಗನವಾಡಿಗಳಲ್ಲಿ ಇಂದು ಎಷ್ಟಕ್ಕೆ ಸ್ವಂತ ಕಟ್ಟಡವಿದೆ, ಎಷ್ಟು ಹುದ್ದೆಗಳು ಖಾಲಿ ಇವೆ ಎಂದು ಕೇಳಿ ಈ ವಾರವೇ ಎರಡು ಪ್ರತ್ಯೇಕ ಅರ್ಜಿಗಳನ್ನು ಹಾಕಿ. ಬಸ್ಸಿನಲ್ಲಿ ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಹಿಂದಿರುಗಬಹುದು. ಉತ್ತರ ಬಂದ ದಿನ ತಿಳಿಸಿದರೆ, ನಿಮ್ಮ ಪ್ರವಾಸದ ಹೊತ್ತಿಗೆ ಮಗನನ್ನು ನಮ್ಮ ಮನೆಯಲ್ಲಿ ನೋಡಿಕೊಳ್ಳುತ್ತೇನೆ.